ಹಾಡು ನಿಮ್ಮದು, ಪಾಸ್‌ವರ್ಡ್ ಯಾರದು?

(ಮಹಿಳಾ ವೇದಿಕೆಯ ಹವ್ಯಾಸ ಬಳಗದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮನೆಯ ಕಂಪ್ಯೂಟರ್, ಇಂಟರ್ನೆಟ್ ಬಗ್ಗೆ ಉಪಯೋಗಕ್ಕೆ ಬರುವ ಹಾಗೆ ಒಂದಿಷ್ಟು ಮಾತಾಡು ಎಂದು ಕಾರ್ಯದರ್ಶಿ ಅಕ್ಕ ಫೋನ್ ಮಾಡಿದಾಗ, ಬಳಗದವರು ಈಗ ಏನೇನು ಮಾಡುತ್ತಿದ್ದಾರೆ ಎಂದು ಕೇಳಿದೆ. ಒಬ್ಬರು ಕಸೂತಿ ವಿನ್ಯಾಸಗಳನ್ನು ಗ್ರಾಫ್ ಹಾಳೆಯಿಂದ ಕಂಪ್ಯೂಟರಿಗೆ ಇಳಿಸುತ್ತಿದ್ದಾರಂತೆ. ಇನ್ನೊಬ್ಬರು ಅಮ್ಮನ ಅಡುಗೆ ಡೈರಿಯನ್ನು ಟೈಪ್ ಮಾಡುತ್ತಿದ್ದಾರಂತೆ. ಇಬ್ಬರು ಸಂಪ್ರದಾಯದ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರಂತೆ. ರಂಗೋಲಿಯ ಫೋಟೊಗಳಿಗಂತೂ ಲೆಕ್ಕವೇ ಇಲ್ಲವಂತೆ. ಕೇಳಿ ಖುಷಿಯಾಯಿತು. ಜೊತೆಗೆ ಹೆದರಿಕೆಯೂ ಆಯಿತು. ಯಾಕೆ ಎಂದು ಮೊದಲು ಹೇಳಿಬಿಡುತ್ತೇನೆ.

ನನ್ನ ಅಜ್ಜಿ ಸಾಗರದ ಕಡೆಯವರು. ಮದುವೆ ಮನೆಗಳಲ್ಲಿ ಹಸೆ ಹಾಡು ಹೇಳುತ್ತಿದ್ದರು. 2018ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರನ್ನು ಜಗಲಿಯಲ್ಲಿ ಕೂರಿಸಿ ಹದಿಮೂರು ಹಾಡು ರೆಕಾರ್ಡ್ ಮಾಡಿಕೊಂಡೆ. ನಡುವೆ ಅವರ ಕೆಮ್ಮು, ಕೊಟ್ಟಿಗೆಯ ಸದ್ದು, "ಇಷ್ಟು ಸಾಕೇನೇ?" ಎನ್ನುವ ಪ್ರಶ್ನೆ, ಎಲ್ಲವೂ ಇತ್ತು. ಮರುವರ್ಷದ ಮಳೆಗಾಲ, ಕಳಕ್ಕೂಟಂ ಜಂಕ್ಷನ್ನಿನಲ್ಲಿ ಆಟೊ ಇಳಿಯುವಾಗ ಫೋನ್ ನೀರಿಗೆ ಬಿತ್ತು. ರಿಪೇರಿಗೆ ಕೊಟ್ಟೆ. ಫೋನ್ ಬದುಕಿತು, ಒಳಗಿದ್ದದ್ದು ಹೋಯಿತು. ನಾನು ಮಾತ್ರ ನಿಶ್ಚಿಂತೆಯಿಂದ ಇದ್ದೆ, ಎಲ್ಲವೂ ಗೂಗಲ್‌ನಲ್ಲಿ ಇದೆಯಲ್ಲ ಅಂತ. ಹೊಸ ಫೋನಿನಲ್ಲಿ ತೆರೆದು ನೋಡಿದರೆ ಅಜ್ಜಿಯ ಫೋಟೊ ಎಲ್ಲ ಇದ್ದವು, ಹಾಡು ಒಂದೂ ಇರಲಿಲ್ಲ. ಗೂಗಲ್ ಫೋಟೋಸ್ ಇಟ್ಟುಕೊಳ್ಳುವುದು ಫೋಟೊ ಮತ್ತು ವಿಡಿಯೊಗಳನ್ನು ಮಾತ್ರ. ಬರಿಯ ಧ್ವನಿಯ ಕಡತ ಅದಕ್ಕೆ ಬೇಡ. ಆಫೀಸಿನಲ್ಲಿ ನನ್ನ ಕೆಲಸವೇ ಬೇರೆಯವರ ಮಾಹಿತಿಯನ್ನು ಎರಡು ಮೂರು ಕಡೆ ಪ್ರತಿ ಮಾಡಿಸಿ ಇಡುವುದು. ಎಂ.ಟೆಕ್. ಓದಿದ್ದೂ ಅದಕ್ಕೆ ಹತ್ತಿರದ ವಿಷಯವನ್ನೇ. ಆದರೂ ಅಜ್ಜಿಯ ಹಾಡಿನ ಎರಡನೆಯ ಪ್ರತಿ ನನ್ನ ಹತ್ತಿರ ಇರಲಿಲ್ಲ. ಮರುವರ್ಷ ಅಜ್ಜಿ ತೀರಿಕೊಂಡರು. ಹದಿಮೂರರಲ್ಲಿ ಉಳಿದದ್ದು ಎರಡು. ದೊಡ್ಡಮ್ಮ ಕೇಳಿದ್ದರೆಂದು ಅವರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಎರಡು.

ಆದ್ದರಿಂದ ಇವತ್ತು ಹೊಸ ಆ್ಯಪ್‌ಗಳ ಪಟ್ಟಿ ಕೊಡುವುದಿಲ್ಲ. ನೀವು ಮಾಡಿಟ್ಟದ್ದು ನಿಮ್ಮ ಕೈತಪ್ಪಿ ಹೋಗದ ಹಾಗೆ ಏನು ಮಾಡಬೇಕು, ಅಷ್ಟನ್ನೇ ಹೇಳುತ್ತೇನೆ.

ಮೊದಲ ಪ್ರಶ್ನೆ: ನಿಮ್ಮ ಫೋನಿನ ಜಿಮೇಲ್ ಖಾತೆ ಯಾರದು? ನಗಬೇಡಿ. ಕಳೆದ ತಿಂಗಳು ಬಳಗದ ಐದಾರು ಜನರ ಫೋನ್ ನೋಡಿದೆ. ಒಬ್ಬರದು ಮಗನ ಖಾತೆ, ಇನ್ನೊಬ್ಬರದು ಮನೆಯವರ ಖಾತೆ. ಮತ್ತೊಬ್ಬರದು ಫೋನ್ ಕೊಂಡ ಅಂಗಡಿಯ ಹುಡುಗ ಆ ಹೊತ್ತಿಗೆ ಮಾಡಿಕೊಟ್ಟದ್ದು, ಪಾಸ್‌ವರ್ಡ್ ಅವನಿಗೇ ಗೊತ್ತೋ ಇಲ್ಲವೋ. ಫೋನ್ ಚೆನ್ನಾಗಿರುವವರೆಗೆ ಇದು ಗೊತ್ತಾಗುವುದಿಲ್ಲ. ಫೋನ್ ಬದಲಿಸುವ ದಿನ ಗೊತ್ತಾಗುತ್ತದೆ. ಮಗ ತನ್ನ ಖಾತೆಯಲ್ಲಿ ಜಾಗ ತುಂಬಿತೆಂದು ಒಂದಿಷ್ಟು ಅಳಿಸಿದರೆ ನಿಮ್ಮ ರಂಗೋಲಿಯೂ ಅದರ ಜೊತೆ ಹೋಗುತ್ತದೆ. ಅವನ ತಪ್ಪಲ್ಲ, ಅವನಿಗೆ ಅದು ಹತ್ತಾರು ಚುಕ್ಕಿ ಚಿತ್ರ ಅಷ್ಟೆ.

ನಮ್ಮಂತೆ ಊರು ಬಿಟ್ಟು ಬಂದವರಿಗೆ ಇನ್ನೊಂದು ಕಷ್ಟ ಇದೆ, ಊರಿನ ಸಿಮ್. ಟೆಕ್ನೋಪಾರ್ಕ್ ಶುರುವಾದದ್ದು 1990ರಲ್ಲಿ. ಇಲ್ಲಿರುವ ಬಹಳಷ್ಟು ಜನ ಬಂದದ್ದು ಅದರ ಹಿಂದೆಯೇ, ನಾವಾಗಿ ಇಲ್ಲವೇ ಮನೆಯವರ ಜೊತೆ. ಬಂದ ಮೇಲೆ ಇಲ್ಲಿನ ಸಿಮ್ ತೆಗೆದುಕೊಂಡೆವು. ಊರಿನ ನಂಬರನ್ನು ಯಾರು ರೀಚಾರ್ಜ್ ಮಾಡುತ್ತಾರೆ ಎಂದು ಬಿಟ್ಟೆವು. ಆದರೆ ಜಿಮೇಲ್, ಬ್ಯಾಂಕು, ಆಧಾರ್ ಎಲ್ಲಕ್ಕೂ ಕೊಟ್ಟಿದ್ದದ್ದು ಆ ಹಳೆಯ ನಂಬರನ್ನೇ! 90 ದಿನ ಬಳಕೆ ಇಲ್ಲದ ಸಿಮ್ಮನ್ನು ಕಂಪನಿಯವರು ನಿಲ್ಲಿಸಬಹುದು. ನಿಂತ ನಂಬರನ್ನು ಮತ್ತೆ ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಖಾತೆಯ ಒಟಿಪಿ ಗುರುತಿಲ್ಲದ ಯಾರದೋ ಫೋನಿನಲ್ಲಿ ಟಿಂಗ್ ಎನ್ನುತ್ತದೆ. ಇವತ್ತು ಮನೆಗೆ ಹೋದ ತಕ್ಷಣ ಮಾಡಬೇಕಾದ ಒಂದೇ ಕೆಲಸ ಎಂದರೆ ಇದು. ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ, ಗೂಗಲ್ ಖಾತೆಯಲ್ಲಿ ಯಾವ ನಂಬರ್ ಇದೆ ನೋಡಿ. ಹಳೆಯದಿದ್ದರೆ ಸಿಮ್ ಜೀವಂತ ಇರುವಾಗಲೇ ಬದಲಿಸಿ. ಸತ್ತ ಮೇಲೆ ಓಡಾಟ ಬಹಳ.

ಗೂಗಲ್ ಖಾತೆಯನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಾರೆ ಮಾಡಿಕೊಳ್ಳಿ. ಎರಡು ಹಂತದ ಪರಿಶೀಲನೆ ಎನ್ನುವುದನ್ನು ಆನ್ ಮಾಡಿ. ಅಲ್ಲಿಯೇ 'ಬ್ಯಾಕಪ್ ಕೋಡ್' ಎಂದು ಹತ್ತು ಸಂಖ್ಯೆಗಳನ್ನು ಕೊಡುತ್ತದೆ. ಫೋನ್ ಕಳೆದರೂ ಅದರಲ್ಲಿ ಒಂದು ಸಂಖ್ಯೆಯಿಂದ ಒಳಗೆ ಹೋಗಬಹುದು. ಕಾಗದದ ಮೇಲೆ ಬರೆದು ಒಡವೆಯ ಜೊತೆ ಇಡಿ. ಊರಲ್ಲಿರುವ ಅಮ್ಮ, ಅತ್ತೆಯವರ ಖಾತೆಯನ್ನೂ ನೆನಪಿಡಿ: ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಹಬ್ಬಕ್ಕೆ ಹೋದಾಗ ಒಮ್ಮೆ ತೆರೆದು ನೋಡಿದರೆ ಸಾಕು.

ಪಾಸ್‌ವರ್ಡ್ ಬಗ್ಗೆ ನನ್ನ ಅಭಿಪ್ರಾಯ ನನ್ನ ಸಹೋದ್ಯೋಗಿಗಳಿಗೆ ಇಷ್ಟವಾಗುವುದಿಲ್ಲ. ಮನೆಯಲ್ಲಿರುವವರು ಒಂದು ಪುಟ್ಟ ಪುಸ್ತಕದಲ್ಲಿ ಪಾಸ್‌ವರ್ಡ್ ಬರೆದಿಡುವುದರಲ್ಲಿ ಏನೂ ತಪ್ಪಿಲ್ಲ. ನಮ್ಮ ಪಾಸ್‌ವರ್ಡ್ ಕದಿಯುವವನು ದೂರದಲ್ಲಿ ಕೂತಿದ್ದಾನೆ, ನಮ್ಮ ಬೀರುವಿಗೆ ಅವನ ಕೈ ಎಟುಕುವುದಿಲ್ಲ. ಬರೆಯಬಾರದ್ದು ಫೋನಿನ ಒಳಗೆ, 'ಎಟಿಎಂ ಅಂಕಲ್' ಎಂಬ ಹೆಸರಿನಲ್ಲಿ ಕಾಂಟ್ಯಾಕ್ಟ್ ಮಾಡಿ ಪಿನ್ ಬರೆದಿಡುವುದು. ನಗುತ್ತಿದ್ದೀರಿ, ಹಾಗಾದರೆ ಮಾಡಿದವರು ಇದ್ದೀರಿ. ಪದ ಆರಿಸುವಾಗ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ: ಕೆಸುವು, ಪೆನ್ಸಿಲ್, ಎಮ್ಮೆ, ರೈಲು, ಹೀಗೆ. ಇದೇ ನಾಲ್ಕು ಬೇಡ, ಈಗ ಎಲ್ಲರಿಗೂ ಗೊತ್ತಾಯಿತು. ಮಕ್ಕಳ ಹೆಸರು, ಹುಟ್ಟಿದ ವರ್ಷ ಮಾತ್ರ ಖಂಡಿತ ಬೇಡ. ಬ್ಯಾಂಕಿನದು ಬೇರೆ, ಜಿಮೇಲಿನದು ಬೇರೆ ಇರಲಿ.

ಈಗ ಪ್ರತಿಗಳ ವಿಷಯಕ್ಕೆ ಬರೋಣ. ನಮ್ಮ ಕೆಲಸದಲ್ಲಿ ಮೂರು-ಎರಡು-ಒಂದು ಎಂಬ ಒಂದು ನಿಯಮ ಇದೆ. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ರೀತಿಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ದೊಡ್ಡ ಮಾತಲ್ಲ. ಉಪ್ಪಿನಕಾಯಿಯನ್ನು ಒಂದೇ ಭರಣಿಯಲ್ಲಿ ಇಡದೆ, ಒಂದು ಡಬ್ಬಿಯನ್ನು ತಂಗಿಯ ಮನೆಗೆ ಕೊಟ್ಟ ಹಾಗೆ. ಹಾಡಿನ ಕಡತ ಫೋನಿನಲ್ಲಿ ಒಂದು. ಅದನ್ನು ಒತ್ತಿ ಹಿಡಿದು ಶೇರ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿದರೆ ಎರಡು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ ತವರುಮನೆಯಲ್ಲಿ ಇಟ್ಟರೆ ಮೂರು. ಗೂಗಲ್ ಬಿಟ್ಟಿಯಾಗಿ ಕೊಡುವ ಜಾಗ 15 ಜಿಬಿ. ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಅಷ್ಟೆ. 2021ರ ಜೂನ್ 1ರಿಂದ ಫೋಟೊಗಳೂ ಈ ಲೆಕ್ಕಕ್ಕೆ ಬಂದವು. ಅದಕ್ಕೇ ಬೇಗ ತುಂಬುವುದು. ಆದರೆ ಹಾಡು ಹಗುರ. ಸಾಧಾರಣ ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿಗೆ ಸುಮಾರು 60 ಎಂಬಿ ಸಾಕು. 'ಗುಡ್ ಮಾರ್ನಿಂಗ್' ವಿಡಿಯೊಗಳನ್ನು ಅಳಿಸಿದರೆ ನಿಮ್ಮ ಅತ್ತೆಯವರ ಇಡೀ ಹಾಡಿನ ಸಂಗ್ರಹಕ್ಕೆ ಜಾಗವಾಗುತ್ತದೆ.

ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ ಎನ್ನುವವರಿಗೆ ಒಂದು ಮಾತು. ಅದು ಸಾಗಿಸುವುದಕ್ಕೆ, ಕೂಡಿಡುವುದಕ್ಕಲ್ಲ. ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದಿದ್ದರೆ ಒಳಗಿನದು ಕೆಡಬಹುದು. ಈ ಊರಿನ ತೇವಕ್ಕೆ ಸೀರೆಗೇ ಬೂಷ್ಟು ಹಿಡಿಯುತ್ತದೆ, ಹಾರ್ಡ್ ಡಿಸ್ಕಿನ ಪಾಡು ಕೇಳಬೇಕೆ? ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಹಾರ್ಡ್ ಡಿಸ್ಕಿನ ಜೊತೆ ಹಾಕಿಡಿ. ಆರು ತಿಂಗಳಿಗೊಮ್ಮೆ ತೆಗೆದು ಕಂಪ್ಯೂಟರಿಗೆ ಜೋಡಿಸಿ ನೋಡಿ.

ರೆಕಾರ್ಡ್ ಮಾಡುವಾಗ ಮೊದಲಿಗೆ ನಿಮ್ಮ ಬಾಯಿಂದಲೇ ಹೇಳಿ: ಹಾಡುವವರು ಯಾರು, ಯಾವ ಊರು, ಯಾವ ಸಂದರ್ಭದ ಹಾಡು, ಇವತ್ತಿನ ತಾರೀಖು. ಕಡತದ ಹೆಸರು ಬದಲಾದರೂ ಧ್ವನಿಯೊಳಗೆ ಇರುವುದು ಬದಲಾಗುವುದಿಲ್ಲ. ಕಡತಕ್ಕೂ 'ರೆಕಾರ್ಡಿಂಗ್ 47' ಎಂದು ಬಿಡದೆ ಹಾಡಿನ ಹೆಸರು ಕೊಡಿ. ಫ್ಯಾನ್ ಆಫ್ ಮಾಡಿ. ವಾಟ್ಸಾಪಿನಲ್ಲಿ ಕಸೂತಿ ಫೋಟೊ ಕಳಿಸುವಾಗ ಫೋಟೊ ಎಂದು ಕಳಿಸದೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿ. ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಹೊಲಿಗೆಯ ಎಳೆ ಎಣಿಸುವುದಕ್ಕೆ ಆಗುವುದಿಲ್ಲ.

ಅಡುಗೆ ಡೈರಿಯವರಿಗೆ ಈಗ. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ನಿಮ್ಮಲ್ಲಿ ಬಹಳ ಜನರ ಹತ್ತಿರ ಇವೆ. ಬರಹ ಬಂದದ್ದು 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರದು. ನುಡಿ ಕನ್ನಡ ಗಣಕ ಪರಿಷತ್ತಿನದು, ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ. ನಮ್ಮನ್ನು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಹಾಗೆ ಮಾಡಿದವು ಅವೇ, ಆ ಋಣ ದೊಡ್ಡದು. ಆದರೆ ಆಗಿನ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಮುಂತಾದ ಅಕ್ಷರಗಳ ಸಂಕೇತ, ಅದರ ಮೇಲೆ ಕನ್ನಡದ ಆಕಾರದ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚುತ್ತದೆ, ಹುಳಿಪುಡಿಯ ಅಳತೆ ಚುಕ್ಕಿ ಕೊಂಬುಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ, ಮಲಯಾಳಂಗೆ ಜಾಗ ಸಿಕ್ಕಿತ್ತು. ಹಳೆಯ ಕಡತಗಳನ್ನು ಎಸೆಯಬೇಡಿ. ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ, ನಾನು ಮಾಡಿ ತೋರಿಸುತ್ತೇನೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪಾಗುವುದು ಅಲ್ಲಿಯೇ. ಹಳೆಯ ಕಡತವನ್ನೂ ಜೊತೆಗೆ ಇಟ್ಟಿರಿ.

ಹೊಸದಾಗಿ ಬರೆಯುವವರಿಗೆ ಈಗ ಯಾವ ತಂತ್ರಾಂಶವನ್ನೂ ಕೊಳ್ಳಬೇಕಿಲ್ಲ. ವಿಂಡೋಸ್ 10ರಲ್ಲಿ 2019ರಿಂದಲೇ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ. ಫೋನಿನಲ್ಲಿ ಜಿಬೋರ್ಡ್ ಇದ್ದರೆ ಮೈಕ್ ಒತ್ತಿ ಮಾತಾಡಿದರೂ ಕನ್ನಡದಲ್ಲಿ ಬರೆಯುತ್ತದೆ. ನಮ್ಮ ಆಡುಮಾತು ಅದಕ್ಕೆ ಪೂರ್ತಿ ಅರ್ಥವಾಗುವುದಿಲ್ಲ. ನಾನು 'ತಂಬುಳಿ' ಅಂದದ್ದನ್ನು ಏನೇನೋ ಮಾಡಿತು. ತಿದ್ದಿಕೊಳ್ಳಬೇಕು, ಆದರೂ ಒಂದೊಂದೇ ಅಕ್ಷರ ಒತ್ತುವುದಕ್ಕಿಂತ ವೇಗ. ಅಚ್ಚಾದ ಪುಟವಾದರೆ ಫೋಟೊ ತೆಗೆದು ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆದರೆ ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ. ಅಮ್ಮನ ಕೈಬರಹವನ್ನು ಮಾತ್ರ ಅದು ಓದಲಾರದು, ಅದನ್ನು ನೀವೇ ಓದಬೇಕು. ಡೈರಿಯ ಪುಟಗಳ ಫೋಟೊವನ್ನೂ ಇಟ್ಟುಕೊಳ್ಳಿ, ಎಣ್ಣೆಯ ಕಲೆ ಸಮೇತ.

ಯೂನಿಕೋಡ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಓದುವುದು ಮಲಯಾಳಂ, ಹಿಂದಿ, ಇಂಗ್ಲಿಷ್. ನನ್ನ ಮಗಳಿಗೆ ಕನ್ನಡ ಅಕ್ಷರ ಇನ್ನೂ ಸರಿಯಾಗಿ ಬರುವುದಿಲ್ಲ. ಆದರೆ ಯೂನಿಕೋಡ್‌ನಲ್ಲಿ ಇರುವ ಕನ್ನಡವನ್ನು ಫೋನ್ ಗಟ್ಟಿಯಾಗಿ ಓದಿ ಹೇಳುತ್ತದೆ. ಯಂತ್ರದ ಧ್ವನಿ, ನಿಜ. ಆದರೂ ಮಗಳು ಅದನ್ನು ಕೇಳಿಕೊಂಡು ನನ್ನಮ್ಮನ ಅಪ್ಪೆಹುಳಿ ಮಾಡಿದಳು. ಉಪ್ಪು ಜಾಸ್ತಿಯಾಗಿತ್ತು.

ಇನ್ನು ಸಿಡಿಲು. ನಮ್ಮ ಮಲೆನಾಡಿನವರಿಗೂ ಇದು ಹೊಸದಲ್ಲ, ಆದರೆ ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ತುಲಾವರ್ಷದ ಅಕ್ಟೋಬರ್-ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಶುರುವಾದರೆ ರಾತ್ರಿಯವರೆಗೆ ಬಿಡುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಸಾಕೆಟ್‌ನಿಂದ ಕೀಳಬೇಕು. ಸ್ವಿಚ್ಚಿನೊಳಗಿನ ಸಣ್ಣ ಅಂತರ ಸಿಡಿಲಿಗೆ ಲೆಕ್ಕವೇ ಅಲ್ಲ. ಕೀಳುವುದು ಗುಡುಗು ದೂರದಲ್ಲಿ ಕೇಳುವಾಗಲೇ, ತಲೆಯ ಮೇಲೆ ಬಂದಾಗ ಪ್ಲಗ್ ಮುಟ್ಟಲು ಹೋಗಬೇಡಿ. ಫೈಬರ್ ಕೇಬಲ್ಲಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಅದರ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಕರೆಂಟಿಗೇ ತಾನೆ ಜೋಡಿಸಿರುವುದು? ಅದನ್ನೂ ಕೀಳಿ. ಒಂದು ಸಂಜೆ ವೈಫೈ ಇಲ್ಲದಿದ್ದರೆ ಮಕ್ಕಳು ಅಳುತ್ತಾರೆ, ಅಳಲಿ.

ವೈಫೈ ರೂಟರನ್ನು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಬಚ್ಚಿಡಬೇಡಿ. ಮನೆಯ ನಡುವೆ, ಎತ್ತರದಲ್ಲಿ ಇಡಿ. ಎರಡು ಹೆಸರಿನಲ್ಲಿ ಕಾಣುತ್ತಿದ್ದರೆ 5 ಎಂದಿರುವುದು ವೇಗದ್ದು ಆದರೆ ಗೋಡೆ ದಾಟಲು ಸೋಮಾರಿ, 2.4 ನಿಧಾನ ಆದರೆ ಅಡುಗೆಮನೆಯವರೆಗೆ ಬರುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದವರು ಕೇಳಿದ್ದಿರಿ: ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಆ ಯಂತ್ರದಲ್ಲಿ ಬ್ಯಾಂಕ್ ಕೆಲಸ ಬೇಡ. ಎಸೆಯುವುದೂ ಬೇಡ, ಲಿನಕ್ಸ್ ಹಾಕಿದರೆ ಟೈಪಿಂಗಿಗೆ ಇನ್ನೂ ಕೆಲವು ವರ್ಷ ಬರುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದರಲ್ಲೇ. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿಯನ್ನು ಕೇಳಿದರೆ ಅವಳೇ ತೋರಿಸುತ್ತಾಳೆ.

ಕೊನೆಗೆ ಕಷ್ಟದ ವಿಷಯ. ನಮ್ಮ ಪರಿಚಯದ ಒಬ್ಬರು, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ, ಕರೆಂಟ್ ಬಿಲ್ಲಿನ ಹೆಸರಿನಲ್ಲಿ ಬಂದ ಒಂದು ಫೋನಿಗೆ ಮೂವತ್ತೆಂಟು ಸಾವಿರ ಕಳೆದುಕೊಂಡರು. "ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತದೆ, ಈ ಆ್ಯಪ್ ಹಾಕಿಕೊಂಡು ಹತ್ತು ರೂಪಾಯಿ ಕಟ್ಟಿ" ಎಂದರಂತೆ. ಬಿಲ್ಲು ಮಲಯಾಳಂನಲ್ಲಿ, ಓದಲು ಬರುವುದಿಲ್ಲ. ಮನೆಯಲ್ಲಿ ಅವರೊಬ್ಬರೇ. ಭಾಷೆ ಬಾರದ ಊರಿನಲ್ಲಿ ಹೆದರಿಸುವುದು ಬಹಳ ಸುಲಭ. ಹಣ ಹೋದದ್ದಕ್ಕಿಂತ ನನಗೆ ನೋವಾದದ್ದು ಇನ್ನೊಂದಕ್ಕೆ. ಎರಡು ದಿನ ಅವರು ಯಾರಿಗೂ ಹೇಳಲಿಲ್ಲ. ಮನೆಯವರು ಏನೆನ್ನುತ್ತಾರೋ, ಇನ್ನು ಮೇಲೆ ನನ್ನ ಕೈಗೆ ಫೋನ್ ಕೊಡುತ್ತಾರೋ ಇಲ್ಲವೋ ಎಂಬ ನಾಚಿಕೆ, ಭಯ. ಆ ಎರಡು ದಿನದಲ್ಲಿ ಹಣ ಕೈ ಬದಲಿಸಿ ಹೋಗಿತ್ತು.

1930. ಈ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ. ಮೊದಲು ಅದಕ್ಕೆ, ಕೂಡಲೇ ಬ್ಯಾಂಕಿಗೆ, ಆಮೇಲೆ ಮನೆಯವರಿಗೆ, ಈ ಕ್ರಮದಲ್ಲಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಅವಕಾಶ ಇರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಮ್ಮದೇ ಅಜಾಗ್ರತೆಯಿಂದ ಹಣ ಹೋಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ಸುಮ್ಮನಿದ್ದ ಪ್ರತಿ ಗಂಟೆಯೂ ನಮ್ಮ ಲೆಕ್ಕಕ್ಕೆ.

ಇನ್ನು ಮೋಸದ ಬಗೆಗಳನ್ನು ಎಣಿಸುತ್ತಾ ಹೋದರೆ ಮುಗಿಯುವುದಿಲ್ಲ, ದಿನಕ್ಕೊಂದು ಹೊಸದು. ಮೂರು ನೆನಪಿಟ್ಟುಕೊಂಡರೆ ಸಾಕು. ಯುಪಿಐ ಪಿನ್ ಹಾಕುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಪಿನ್ ಬೇಡ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದು ಬಂದ ಕಡತದ ಹೆಸರು 'ಎಪಿಕೆ' ಎಂದು ಮುಗಿದಿದ್ದರೆ ಅದು ಕರೆಯೋಲೆ ಅಲ್ಲ, ಫೋನಿನೊಳಗೆ ಕೂರಲು ಬಂದ ಆ್ಯಪ್. ಮುಟ್ಟಬೇಡಿ. ಮೂರನೆಯದು, 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ 'ಮನ್ ಕೀ ಬಾತ್'ನಲ್ಲಿ ಇದನ್ನು ಹೇಳಿದರು. ವಿಡಿಯೊ ಕಾಲಿನಲ್ಲಿ ಎಷ್ಟೇ ದೊಡ್ಡ ಮೀಸೆಯ ಪೊಲೀಸ್ ಕಂಡರೂ ಫೋನ್ ಇಟ್ಟುಬಿಡಿ. ವಾಟ್ಸಾಪಿನ ಸೆಟ್ಟಿಂಗ್ಸ್, ಅಕೌಂಟ್, ಅದರೊಳಗೆ ಟೂ-ಸ್ಟೆಪ್ ವೆರಿಫಿಕೇಶನ್. ಆರಂಕಿಯ ಪಿನ್ ಇವತ್ತೇ ಹಾಕಿಸಿ ಕಳಿಸುತ್ತೇನೆ.

ಮಲಯಾಳಂ ಬಿಲ್ಲಿನ ಭಯಕ್ಕೆ ಮದ್ದು ನಿಮ್ಮ ಫೋನಿನಲ್ಲೇ ಇದೆ. ಗೂಗಲ್ ಟ್ರಾನ್ಸ್‌ಲೇಟ್ ತೆರೆದು ಕ್ಯಾಮೆರಾ ಹಿಡಿದರೆ ಮಲಯಾಳಂ ಕನ್ನಡವಾಗಿ ಕಾಣುತ್ತದೆ. ಕನ್ನಡ ಸ್ವಲ್ಪ ವಿಚಿತ್ರವಾಗಿರುತ್ತದೆ, ಆದರೆ ಎಷ್ಟು ಹಣ, ಕಟ್ಟಲು ಕೊನೆಯ ದಿನ ಯಾವುದು ಎಂಬುದು ತಿಳಿಯುತ್ತದೆ. ಆ ಅಕ್ಕ ಈಗ ಪ್ರತಿ ಬಿಲ್ಲನ್ನೂ ಹಾಗೆ ಓದಿ, ತಾವೇ ಕಟ್ಟುತ್ತಾರೆ. ಈ ಸಭೆಯಲ್ಲೇ ಕೂತಿದ್ದಾರೆ.

ಮುಂದಿನ ಶನಿವಾರ ಬರುವಾಗ ಚಾರ್ಜರ್, ಹಳೆಯ ಪೆನ್‌ಡ್ರೈವ್, ನುಡಿ ಕಡತ ಇದ್ದರೆ ಅದು, ಪಾಸ್‌ವರ್ಡ್ ಬರೆಯಲು ಒಂದು ಪುಟ್ಟ ಪುಸ್ತಕ ತನ್ನಿ. ಪುಸ್ತಕ ನನಗೆ ತೋರಿಸಬೇಡಿ. ಉಳಿದ ಆ ಎರಡು ಹಸೆ ಹಾಡುಗಳನ್ನು ನಾನೂ ತರುತ್ತೇನೆ. ಒಂದರಲ್ಲಿ ನಡುವಿನ ಒಂದು ಪದ ನನಗೆ ಎಷ್ಟು ಕೇಳಿದರೂ ಅರ್ಥವಾಗಿಲ್ಲ, ಸಾಗರ, ಸೊರಬದ ಕಡೆಯವರು ಯಾರಾದರೂ ಇದ್ದರೆ ಕೇಳಿ ಹೇಳಬೇಕು. ಈಗ ಪ್ರಶ್ನೆಗಳಿಗೆ ಬರೋಣ. ಫೋನ್ ಹೊರಗೆ ತೆಗೆಯಿರಿ, ಕನ್ನಡಕವನ್ನೂ.